ವೇಗ ಒಂದು ಗುಣವೆ?

ಕನ್ನಡದಲ್ಲಿ ‘ಗುಣ’ ಎಂಬ ಮಾತನ್ನು ನಾವು ಬಹಳ ಧಾರಾಳವಾಗಿ ಬಳಸುತ್ತೇವೆ. ಮದ್ದಿಗೆ ಗುಣವುಂಟು, ಮಣ್ಣಿಗೆ ಗುಣವುಂಟು, ಎತ್ತಿಗೆ ಗುಣವುಂಟು, ಮನುಷ್ಯನಿಗೂ ಗುಣವುಂಟು. ಜ್ವರ ಬಿಟ್ಟರೆ ಅದಕ್ಕೂ ‘ಗುಣವಾಯಿತು’ ಎನ್ನುತ್ತೇವೆ. ಕುಡುಗೋಲು ಒಳ್ಳೆಯದು ಎಂದರೆ ಅದು ಚೆನ್ನಾಗಿ ಕೊಯ್ಯುತ್ತದೆ ಎಂದರ್ಥ. ಆದರೆ ಕುಡುಗೋಲು ಹಿಡಿದವನು ಒಳ್ಳೆಯವನು ಎಂದಾಗ ಅವನು ಚೆನ್ನಾಗಿ ಕೊಯ್ಯುತ್ತಾನೆ ಎಂದು ಯಾರೂ ತಿಳಿಯುವುದಿಲ್ಲ. ವಸ್ತುವಿನ ಗುಣ ಅದರ ಸಾಮರ್ಥ್ಯ; ಮನುಷ್ಯನ ಗುಣ ಆತ ತನ್ನ ಸಾಮರ್ಥ್ಯವನ್ನು ಏನು ಮಾಡುತ್ತಾನೆ ಎಂಬುದು. ದಿನದ ವ್ಯವಹಾರದಲ್ಲಿ ಈ ಎರಡು ಅರ್ಥಗಳು ಕಲಸಿಹೋಗುವುದಿಲ್ಲ. ಆದರೆ ಕೆಲವು ವಸ್ತುಗಳಿವೆ; ಅವುಗಳ ಮಾತು ಬಂದ ಕೂಡಲೆ ಎರಡೂ ಬೆರೆತು, ವಸ್ತುವಿನ ಬಲವೇ ಒಡೆಯನ ಗುಣವೆಂಬ ಭ್ರಮೆ ಹುಟ್ಟುತ್ತದೆ. ಹಿಂದೆ ಕತ್ತಿ, ಕುದುರೆಗಳು ಅಂಥ ವಸ್ತುಗಳಾಗಿದ್ದವು. ಈಗ ಆ ಸ್ಥಾನ ಕಾರಿಗೆ ಬಂದಿದೆ.

ಇದಕ್ಕೆ ನಿದರ್ಶನ ಬೇಕಾದವರು ಭಾನುವಾರ ಬೆಳಿಗ್ಗೆ ಬಿಡದಿಗೆ ಹೋಗಬೇಕು. ಅಲ್ಲಿನ ತಟ್ಟೆ ಇಡ್ಲಿಯ ಹೋಟೆಲುಗಳ ಮುಂದೆ ಬೆಂಗಳೂರಿನಿಂದ ಬಂದ ಕಾರುಗಳು ಸಾಲುಗಟ್ಟಿ ನಿಂತಿರುತ್ತವೆ. ರಾಮನಗರ, ಚನ್ನಪಟ್ಟಣದ ಹುಡುಗರೂ ಮಾಗಡಿ, ಕನಕಪುರದ ಕಡೆಯಿಂದ ಬಂದವರೂ ಅವುಗಳ ಸುತ್ತ ನೆರೆಯುತ್ತಾರೆ. ಇಡ್ಲಿಯ ಮೇಲಿನ ಬೆಣ್ಣೆ ಕರಗುವಷ್ಟರಲ್ಲಿ ಚರ್ಚೆ ಕಾವೇರಿರುತ್ತದೆ. ಕಾರು ಈ ಸೀಮೆಗೆ ಹೊರಗಿನ ವಸ್ತುವೇನಲ್ಲ. ಟೊಯೋಟ ಕಿರ್ಲೋಸ್ಕರ್ ಕಂಪನಿ 1997ರಲ್ಲಿ ಹುಟ್ಟಿ ಬಿಡದಿಯಲ್ಲಿ ಕಾರ್ಖಾನೆ ಹೂಡಿತು. ‘ಕ್ವಾಲಿಸ್’ ಇಲ್ಲಿಂದಲೇ ಹೊರಟು ನಾಡೆಲ್ಲ ಓಡಾಡಿತು. 2011ರಲ್ಲಿ ಬಂದ ‘ಲಿವಾ’ ಎಂಬ ಸಣ್ಣ ಕಾರೂ ಇಲ್ಲಿಯದೇ. ರೇಷ್ಮೆಯ ಮಾತು, ರಾಗಿಯ ಮಾತು ನಡೆಯುತ್ತಿದ್ದ ಜಗಲಿಗಳಲ್ಲಿ ಈಗ ಎಂಜಿನ್ನಿನ ಮಾತು ನಡೆದರೆ ಆಶ್ಚರ್ಯವೇನಿಲ್ಲ.

ಈಚೆಗೆ ಅಲ್ಲಿ ಕೇಳಿಬರುವ ಹೆಸರು ಫೋಕ್ಸ್‌ವ್ಯಾಗನ್ ಕಂಪನಿಯ ‘ಗಾಲ್ಫ್ ಜಿಟಿಐ’. ಇದು ಹ್ಯಾಚ್‌ಬ್ಯಾಕ್ ಎನಿಸಿಕೊಳ್ಳುವ ಜಾತಿಯದು. ಎಂದರೆ ಡಿಕ್ಕಿ ಹಿಂದಕ್ಕೆ ಚಾಚಿಕೊಳ್ಳದೆ, ಬೆನ್ನಿಗೇ ಒಂದು ಬಾಗಿಲಿರುವ ಚಿಕ್ಕ ಕಾರು. ನೋಡಲು ಸಂಸಾರಸ್ಥರ ವಾಹನ. ಹೊಟ್ಟೆಯೊಳಗೆ ಮಾತ್ರ ಪಂದ್ಯದ ಕಾರಿನ ಬೆಂಕಿ. ಜರ್ಮನಿಯ ಕೆಲವು ಎಂಜಿನಿಯರುಗಳ ಹಟದಿಂದ ಹುಟ್ಟಿದ ಇದರ ಮೂಲಪುರುಷನನ್ನು 1975ರಲ್ಲಿ ಜನರಿಗೆ ತೋರಿಸಿ, 1976ರಲ್ಲಿ ಮಾರಾಟಕ್ಕೆ ಬಿಟ್ಟರು. ಐದು ಸಾವಿರ ಕಾರು ಮಾಡಿದರೆ ಸಾಕೆಂದುಕೊಂಡಿದ್ದರಂತೆ, ಲಕ್ಷಗಟ್ಟಲೆ ಮಾರಿಹೋದವು. ಅದಕ್ಕಿದ್ದದ್ದು 110 ಅಶ್ವಶಕ್ತಿ. 2025ರ ಮೇ ತಿಂಗಳಲ್ಲಿ ಭಾರತಕ್ಕೆ ಬಂದ ಅದರ ಮೊಮ್ಮಗನಿಗೆ 265 ಅಶ್ವಶಕ್ತಿ. ನಿಂತಲ್ಲಿಂದ ಹೊರಟು ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ ಬೇಕಾದದ್ದು 5.9 ಸೆಕೆಂಡು. ಬಂದಾಗ ಅದರ ಬೆಲೆ ಸುಮಾರು 53 ಲಕ್ಷ ರೂಪಾಯಿ ಇತ್ತು. ಮೊದಲ ಕಂತಿನಲ್ಲಿ ಇಡೀ ದೇಶಕ್ಕೆ ಬಂದದ್ದು 150 ಕಾರುಗಳು.

ಹೀಗಾಗಿ ವಾದ ಮಾಡುವವರಲ್ಲಿ ಆ ಕಾರನ್ನು ಮುಟ್ಟಿದವರೇ ವಿರಳ. ಇನ್ನು ಕೊಳ್ಳುವ ಮಾತು ದೂರ ಉಳಿಯಿತು. ಆದರೂ ವಾದ ಸೊರಗುವುದಿಲ್ಲ. ಅದರಲ್ಲಿ ನಾನು ಗುರುತಿಸಿರುವ ಪಕ್ಷಗಳು ನಾಲ್ಕು. ಮೊದಲನೆಯದು ಅಂಕಿಯ ಪಕ್ಷ. “ಐದು ಪಾಯಿಂಟ್ ಒಂಬತ್ತು ಗುರು, ಇನ್ನೇನು ಬೇಕು?” ಎಂಬಲ್ಲಿಗೆ ಇವರ ವಾದ ಮುಗಿಯಿತು. ಎರಡನೆಯದು ಅನುಭವದ ಪಕ್ಷ. ಅಂಕಿಯಿಂದ ಕಾರಿನ ರುಚಿ ತಿಳಿಯದು, ತಿರುವಿನಲ್ಲಿ ಸ್ಟಿಯರಿಂಗ್ ಕೈಗೆ ಏನು ಹೇಳುತ್ತದೆ ಎಂಬುದು ಮುಖ್ಯ ಎನ್ನುವವರು ಇವರು. ಹೊಸ ಜಿಟಿಐಯಲ್ಲಿ ಕ್ಲಚ್ ಇಲ್ಲ, ಗೇರನ್ನು ಅದೇ ಬದಲಾಯಿಸಿಕೊಳ್ಳುತ್ತದೆ ಎಂಬುದು ಇವರಿಗೆ ಮನೆಯ ಹಿರಿಯರು ತೀರಿಹೋದಷ್ಟು ದುಃಖದ ಸಂಗತಿ. ಮೂರನೆಯದು ಲೆಕ್ಕದ ಪಕ್ಷ: ಇಷ್ಟು ಹಣಕ್ಕೆ ಇದಕ್ಕಿಂತ ದೊಡ್ಡ ಕಾರು, ದೊಡ್ಡ ಹೆಸರಿನ ಕಾರು ಬರುವುದಿಲ್ಲವೆ? ನಾಲ್ಕನೆಯ ಪಕ್ಷದಲ್ಲಿ ಸಾಮಾನ್ಯವಾಗಿ ಒಬ್ಬನೇ ಇರುತ್ತಾನೆ. ಅವನು, “ಎಲ್ಲಾ ಸರಿ ಕಣ್ರೋ, ಇದನ್ನ ಓಡಿಸೋದು ಎಲ್ಲಿ?” ಎಂದು ಕೇಳುತ್ತಾನೆ. ಉಳಿದ ಮೂರು ಪಕ್ಷದವರೂ ತಮ್ಮ ಜಗಳ ಮರೆತು ಅವನ ಮೇಲೆ ಬೀಳುತ್ತಾರೆ. ರಸಭಂಗ ಮಾಡಿದವನಿಗೆ ಆಗಬೇಕಾದ ಶಾಸ್ತಿಯೇ ಅದು.

ಈ ಚರ್ಚೆಯನ್ನು ಹುಡುಗಾಟವೆಂದು ತಳ್ಳಿಹಾಕುವ ಹಿರಿಯರಿದ್ದಾರೆ. ನಾನು ಆ ಗುಂಪಿನವನಲ್ಲ. ತನಗೆಂದೂ ದಕ್ಕದ ವಸ್ತುವಿನ ಸೊಗಸನ್ನು ಕುರಿತು ಒಂದು ಬೆಳಗನ್ನೆಲ್ಲ ವಾದಿಸುವವನಲ್ಲಿ ಲೋಭವಿಲ್ಲ. ಅದೊಂದು ಬಗೆಯ ರಸಿಕತೆ. ಚೆನ್ನಾಗಿ ಮಾಡಿದ ವಸ್ತುವನ್ನು ಕಂಡು ಮನಸ್ಸು ಅರಳುವುದು ಮನುಷ್ಯನ ಒಳ್ಳೆಯ ಸ್ವಭಾವಗಳಲ್ಲೊಂದು. ಅದೂ ಅಲ್ಲದೆ ಈ ಕಾರಿನ ಹಿಂದೆ ಒಂದು ಉದಾರವಾದ ಭಾವನೆಯೂ ಇತ್ತು. ಅಲ್ಲಿಯವರೆಗೆ ಓಟದ ಸುಖ ಎರಡೇ ಸೀಟಿನ ದುಬಾರಿ ಕಾರು ಕೊಳ್ಳಬಲ್ಲ ಸಿರಿವಂತರ ಸೊತ್ತಾಗಿತ್ತು. ಮಕ್ಕಳನ್ನು ಶಾಲೆಗೆ ಬಿಟ್ಟು ತರಕಾರಿ ತರುವ ಕಾರಿಗೂ ಆ ಸುಖವನ್ನು ಹಂಚಿದ್ದು ಈ ಜಾತಿಯ ಕಾರುಗಳು. ಐವತ್ತು ವರ್ಷದಲ್ಲಿ ಅದು ತಿರುಗಿ ಸಿರಿವಂತರ ಮನೆಗೇ ಹೋಗಿ ನಿಂತಿದೆ ಎಂಬುದು ಬೇರೆ ಮಾತು.

ಇಂಥ ಚರ್ಚೆ ಹೊಸದೂ ಅಲ್ಲ. ನಾನು ಕನ್ನಡ ಪಾಠ ಹೇಳುವವನಾದ್ದರಿಂದ ನನ್ನ ಮನಸ್ಸು ಎಂಜಿನ್ನಿನಿಂದ ಮಹಾಭಾರತಕ್ಕೆ ಹಾರುತ್ತದೆ, ಓದುಗರು ಮನ್ನಿಸಬೇಕು. ವನಪರ್ವದಲ್ಲಿ ಬರುವ, ಕನಕದಾಸರು ‘ನಳಚರಿತ್ರೆ’ಯಾಗಿ ಕನ್ನಡಕ್ಕೆ ತಂದ ಕಥೆ ಎಲ್ಲರಿಗೂ ಗೊತ್ತು. ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಬಳಿ ಸಾರಥಿಯಾಗಿದ್ದಾನೆ. ನಾಳೆಯೇ ದಮಯಂತಿಯ ಎರಡನೆಯ ಸ್ವಯಂವರವೆಂದು ಸುದ್ದಿ ಬರುತ್ತದೆ. ಒಂದು ಹಗಲಿನಲ್ಲಿ ನೂರು ಯೋಜನ ಓಡಬೇಕು. ಬಾಹುಕ ಲಾಯಕ್ಕೆ ಹೋಗಿ ಬಡಕಲು ಕುದುರೆಗಳನ್ನು ಆರಿಸಿ ತರುತ್ತಾನೆ. ಋತುಪರ್ಣನಿಗೆ ಸಿಟ್ಟು: ಈ ನರಪೇತಲಗಳು ಅಷ್ಟು ದೂರ ಎಳೆದಾವೆಯೆ? ಬಾಹುಕ ಮೈಮೇಲಿನ ಸುಳಿಗಳನ್ನು ತೋರಿಸಿ ಇವೇ ತಕ್ಕವು ಎನ್ನುತ್ತಾನೆ. ಬೇರೆ ಬೇಕಾದರೆ ಹೇಳು, ಅವನ್ನೇ ಹೂಡುತ್ತೇನೆ ಎಂದೂ ಸೇರಿಸುತ್ತಾನೆ. ಬಿಡದಿಯ ಹೋಟೆಲಿನ ಮುಂದೆ ನಡೆಯುವ ವಾದಕ್ಕೂ ಇದಕ್ಕೂ ಏನು ವ್ಯತ್ಯಾಸ?

ರಥ ಹೊರಟ ಮೇಲೆ ಋತುಪರ್ಣನ ಉತ್ತರೀಯ ಜಾರಿ ಬೀಳುತ್ತದೆ. ನಿಲ್ಲಿಸು, ಎತ್ತಿಕೊಳ್ಳೋಣ ಎನ್ನುವಷ್ಟರಲ್ಲಿ ಅದು ಒಂದು ಯೋಜನ ಹಿಂದಾಯಿತು ಎನ್ನುತ್ತಾನೆ ಬಾಹುಕ. ವೇಗದ ವರ್ಣನೆಗೆ ಇದಕ್ಕಿಂತ ಸೊಗಸಾದ ಅಳತೆ ಇನ್ನೊಂದನ್ನು ನಾನು ಕಂಡಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ಒಂದು ತಾರೆಯ ಮರ ಸಿಕ್ಕುತ್ತದೆ. ಅದರ ಎಲೆ ಕಾಯಿಗಳ ಲೆಕ್ಕವನ್ನು ಋತುಪರ್ಣ ಓಡುವ ರಥದಿಂದಲೇ ಹೇಳಿಬಿಡುತ್ತಾನೆ. ಬಾಹುಕ ರಥ ನಿಲ್ಲಿಸುತ್ತಾನೆ. ಹೊತ್ತಾಗುತ್ತದೆ ಎಂದು ಅರಸ ಪರದಾಡಿದರೂ ಕೇಳದೆ ಇಳಿದು, ಎಣಿಸಿ ನೋಡಿ, ಸಂಖ್ಯಾವಿದ್ಯೆಯನ್ನು ಕಲಿತು, ಬದಲಿಗೆ ತನ್ನ ವಿದ್ಯೆಯನ್ನು ಕೊಡುವ ಮಾತಾಡುತ್ತಾನೆ. ಆ ವಿದ್ಯೆಯ ಹೆಸರು ಅಶ್ವಹೃದಯ. ಕೊನೆಗೆ ಕುಂಡಿನಪುರದಲ್ಲಿ ರಥದ ಗುಡುಗನ್ನು ಕೇಳಿಯೇ ದಮಯಂತಿ ಇದು ನಳನ ಕೈಯ ಓಟವೆಂದು ಗುರುತು ಹಿಡಿಯುತ್ತಾಳೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕಥೆಯಲ್ಲಿ ಎಲ್ಲರೂ ಬೆರಗಾಗುವುದು ವೇಗಕ್ಕೇ. ಆದರೆ ಆ ವೇಗ ಕುದುರೆಯದೆಂದು ಯಾರೂ ಹೇಳುವುದಿಲ್ಲ. ಅದೇ ಕುದುರೆ ಇನ್ನೊಬ್ಬನ ಕೈಯಲ್ಲಿ ಬಡಕಲು ಕುದುರೆ. ಎಲ್ಲರಿಗಿಂತ ಬೇಗ ಓಡಿಸಬಲ್ಲವನೇ ಎಲ್ಲರಿಗಿಂತ ನಿಶ್ಚಿಂತೆಯಿಂದ ನಿಲ್ಲಿಸಲೂ ಬಲ್ಲ. ಆ ಶಕ್ತಿಯನ್ನು ಅವನು ಸಂಪಾದಿಸಿದ್ದು ಕುದುರೆಯ ಹೃದಯವನ್ನು ಅರಿತು. ಹಣ ಕೊಟ್ಟು ತಂದದ್ದಲ್ಲ. ನಮ್ಮ ಕಾಲದ ವಿಶೇಷವೆಂದರೆ ಅಶ್ವಶಕ್ತಿ ಅಂಗಡಿಯಲ್ಲಿ ದೊರೆಯುತ್ತದೆ, ಅಶ್ವಹೃದಯ ದೊರೆಯುವುದಿಲ್ಲ. 265 ಕುದುರೆಗಳ ಲಗಾಮನ್ನು ಮೊನ್ನೆ ತಾನೆ ಲೈಸೆನ್ಸ್ ಪಡೆದವನ ಕೈಗೂ ಕೊಡಬಹುದು. ಬೇಕಾದದ್ದು ಬ್ಯಾಂಕಿನವರ ಒಪ್ಪಿಗೆ. ಹಿಂದೆ ಸಾಮರ್ಥ್ಯ ಬರುವ ದಾರಿ ಉದ್ದವಾಗಿತ್ತು. ಆ ದಾರಿಯಲ್ಲಿ ನಡೆಯುತ್ತಿರುವಾಗಲೇ ಸ್ವಲ್ಪ ವಿವೇಕವೂ ಅಂಟಿಕೊಳ್ಳುತ್ತಿತ್ತು. ಈಗ ಸಾಮರ್ಥ್ಯ ಒಂದೇ ದಿನದಲ್ಲಿ ಮನೆಯ ಮುಂದೆ ಬಂದು ನಿಲ್ಲುತ್ತದೆ.

ಹಾಗೆಂದು ವೇಗವನ್ನೇ ಶಪಿಸುವುದು ಅವಿವೇಕ. ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ರೈತನನ್ನು ಕೇಳಿ ನೋಡಿ. ಹುಳು ಗೂಡು ಕಟ್ಟಿ ಮುಗಿಸಿದ ಮೇಲೆ ಅವನಿಗೆ ಸಿಕ್ಕುವುದು ಎಣಿಸಿದ ದಿನಗಳು. ತಡವಾದರೆ ಒಳಗಿನ ಚಿಟ್ಟೆ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ. ಆಮೇಲೆ ಆ ಗೂಡಿನಿಂದ ಉದ್ದನೆಯ ಎಳೆ ತೆಗೆಯಲಾಗದು, ತಿಂಗಳ ದುಡಿಮೆ ಮಣ್ಣುಪಾಲು. ಅವನಿಗೆ ಬೇಗ ಮುಟ್ಟುವುದೆಂದರೆ ಅನ್ನ. ಕನಕಪುರದ ಹಳ್ಳಿಯಿಂದ ಹೆರಿಗೆಯ ಹೆಂಗಸನ್ನು ಬೆಂಗಳೂರಿಗೆ ಕರೆದೊಯ್ಯುವ ಆಂಬುಲೆನ್ಸಿಗೆ ವೇಗವೆಂದರೆ ಎರಡು ಜೀವ. ಅದೇ ಕನಕಪುರದ ಸೀಮೆಯಲ್ಲಿ ಕಾವೇರಿ ಇಕ್ಕಟ್ಟಾಗಿ ಹರಿಯುವ ಮೇಕೆದಾಟು ಇದೆ. ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಆ ಕಮರಿಯನ್ನು ಹಾರಿ ಉಳಿಯಿತೆಂದು ಜನ ಹೇಳುತ್ತಾರೆ. ಆ ಮೇಕೆಗೆ ತನ್ನ ನೆಗೆತದ ಅಂಕಿಅಂಶಗಳನ್ನು ಕುರಿತು ಯೋಚಿಸಲು ಬಿಡುವಿರಲಿಲ್ಲ. ಅಗತ್ಯದ ವೇಗವನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನೆ ಏಳುವುದು ಅಗತ್ಯವಿಲ್ಲದೆ ಸುಖಕ್ಕಾಗಿಯೇ ಕೂಡಿಟ್ಟ ವೇಗದ ವಿಷಯದಲ್ಲಿ.

ಆ ಸುಖವೂ ನಿಜವಾದದ್ದೇ. ಜೋಕಾಲಿ ಜೀಕುವ ಮಗುವಿಗೂ ಅದು ಗೊತ್ತು. ಹಾಗಾದರೆ ತಪ್ಪೆಲ್ಲಿ? ಮಗು ಜೀಕುವಾಗ ಬೀಳುವುದಿದ್ದರೆ ಅದೇ ಬೀಳುತ್ತದೆ. ಕಾರಿನ ವಿಷಯ ಹಾಗಲ್ಲ. ಸುಖ ಒಳಗೆ ಕುಳಿತವನದು, ಅಪಾಯದಲ್ಲಿ ಹೊರಗಿನವನಿಗೂ ಪಾಲು. ಈ ಪಾಲನ್ನು ಹೊರಗಿನವನು ಕೇಳಿ ಪಡೆದದ್ದಲ್ಲ.

ಇದನ್ನು ಬೆಂಗಳೂರು–ಮೈಸೂರು ಹೆದ್ದಾರಿ ಚೆನ್ನಾಗಿ ಕಲಿಸಿದೆ. 2025ರಿಂದ ಬೆಂಗಳೂರು ದಕ್ಷಿಣವೆಂಬ ಹೆಸರು ಪಡೆದಿರುವ ಈ ಜಿಲ್ಲೆಯನ್ನು ಸೀಳಿಕೊಂಡು ಹೋಗುವ ಹೊಸ ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಅದು ನೇರವಾಗಿ ಓಡುತ್ತದೆ. ಮೂರು ಗಂಟೆಯ ಪ್ರಯಾಣ ಒಂದೂವರೆ ಗಂಟೆಯಾಯಿತೆಂದು ಎಲ್ಲರೂ ಹಿಗ್ಗಿದರು. ಆದರೆ ಆ ವರ್ಷ ಆ ದಾರಿಯಲ್ಲಿ ಸತ್ತವರ ಎಣಿಕೆ ನೂರೈವತ್ತನ್ನು ಮೀರಿತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ದಾರಿಯಿಂದ ಹೊರಗಿಟ್ಟರು. ವೇಗದ ಮಿತಿಯನ್ನು ಗಂಟೆಗೆ ನೂರು ಕಿಲೋಮೀಟರಿಗೆ ನಿಲ್ಲಿಸಿ, ಕಾಯಲು ಕ್ಯಾಮೆರಾಗಳನ್ನು ಹಾಕಿದರು. 2024ರ ಆಗಸ್ಟಿನಿಂದ ಗಂಟೆಗೆ 130 ಕಿಲೋಮೀಟರ್ ಮೀರಿದವರ ಮೇಲೆ ಮೊಕದ್ದಮೆ ಹೂಡುವ ಕ್ರಮವೂ ಬಂತು. ಆ ವರ್ಷ ಸಾವಿನ ಎಣಿಕೆ ಹಿಂದಿನದರ ಅರ್ಧಕ್ಕಿಂತ ಕೆಳಗಿಳಿಯಿತು. ಎಂಜಿನ್ನುಗಳು ಅವೇ, ಡಾಂಬರೂ ಅದೇ. ಬಡವರ ವಾಹನಗಳನ್ನು ಬೇರೆ ದಾರಿಗೆ ಕಳಿಸಿದ್ದು ಒಂದು ಕಾರಣ; ಓಡಿಸುವವನ ಮೇಲೆ ಒಂದು ಕಣ್ಣು ಇದ್ದದ್ದು ಇನ್ನೊಂದು. ಕಣ್ಣಿರುವಾಗ ಬಂದ ವಿವೇಕ ಕಣ್ಣಿಲ್ಲದಾಗಲೂ ಉಳಿಯುತ್ತದೆಯೆ?

ಉಳಿಯುವುದಿಲ್ಲ ಎನ್ನುವುದಕ್ಕೆ ಮಾಗಡಿಯ ಕಡೆಯ ದಾರಿಗಳು ಸಾಕ್ಷಿ. ಹೆದ್ದಾರಿಯಲ್ಲಿ ಕ್ಯಾಮೆರಾ ಬಂದ ಮೇಲೆ ಓಟದ ಸುಖ ಬೇಕಾದವರಿಗೆ ಸಾವನದುರ್ಗದ ಸುತ್ತಿನ ಅಂಕುಡೊಂಕು ರಸ್ತೆಗಳೇ ಗತಿ. ನೋಡಲು ರಮಣೀಯ, ಹಾದಿಯ ತುಂಬ ನೆರಳು, ತಿರುವಿನ ಮೇಲೆ ತಿರುವು. ಆದರೆ ಆ ದಾರಿ ತಿರುವಿಗಾಗಿ ಹುಟ್ಟಿದ್ದಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಹೆಂಗಸು, ಡೈರಿಗೆ ಹಾಲು ಒಯ್ಯುವ ಮೊಪೆಡ್ಡಿನ ಮುದುಕ, ಶಾಲೆಯಿಂದ ಬರುವ ಮಕ್ಕಳು, ಮೇಯ್ದು ಮನೆಗೆ ತಿರುಗಿದ ಹಸು, ಇವರೆಲ್ಲರ ದಾರಿ ಅದು. ಗಂಟೆಗೆ ನೂರು ಕಿಲೋಮೀಟರಿನಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. 130ರಲ್ಲಿ 36 ಮೀಟರ್. ಕಣ್ಣು ಕಂಡದ್ದು ಕಾಲಿಗೆ ತಿಳಿದು, ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ವೇಗ ಇಮ್ಮಡಿಯಾದರೆ ಕಾರಿನಲ್ಲಿ ತುಂಬಿರುವ ಚಲನಶಕ್ತಿ ನಾಲ್ಮಡಿ. 5.9 ಎಂಬ ಅಂಕಿಯನ್ನು ಬಾಯಿಪಾಠ ಬಲ್ಲ ಹುಡುಗರಿಗೆ ಈ ಲೆಕ್ಕ ತಿಳಿಯದ್ದೇನಲ್ಲ. ಆದರೆ ಚರ್ಚೆಯಲ್ಲಿ ಅದು ಬರುವುದಿಲ್ಲ. ಕಾರಣ, ಸೊಪ್ಪಿನ ಹೊರೆಯ ಹೆಂಗಸು ಆ ಚರ್ಚೆಯ ಸಭೆಯಲ್ಲಿ ಇಲ್ಲ.

ಈ ಮಾತಿಗೆ ಉತ್ಸಾಹಿಗಳಿಂದ ಬರುವ ಉತ್ತರ ನನಗೆ ಗೊತ್ತಿದೆ. ಅದನ್ನು ಹಗುರವಾಗಿ ಕಾಣಬಾರದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಹೀಗೆಂದ: “ಸಾರ್, ಜೋರಾಗಿ ಓಡೋ ಕಾರಿಗೆ ಬ್ರೇಕೂ ಜೋರಾಗೇ ಇರುತ್ತೆ. ಟೈರಿನ ಹಿಡಿತ ಚೆನ್ನಾಗಿರುತ್ತೆ. ಲಾರಿ ದಾಟುವಾಗ ಬೇಗ ದಾಟಿ ಬಿಡಬಹುದು. ಶಕ್ತಿ ಇದೆ ಅಂದ್ರೆ ಬಳಸಲೇಬೇಕು ಅಂತ ಏನಿದೆ?” ಮಾತು ಸತ್ಯ. ಕೈಲಾಗದವನ ಸುಮ್ಮನಿರುವಿಕೆಗೆ ಬೆಲೆಯಿಲ್ಲ. ಬಲವಿದ್ದೂ ತಡೆದುಕೊಳ್ಳುವವನದು ಕ್ಷಮೆ ಎನಿಸುತ್ತದೆ ಎಂದು ನಮ್ಮ ಹಿರಿಯರೂ ಹೇಳಿದ್ದಾರೆ. ಆದರೆ ಆ ಉತ್ತರದಲ್ಲಿಯೇ ಅವನು ಒಂದನ್ನು ಒಪ್ಪಿಕೊಂಡ. ಬಳಸದೆ ಉಳಿಸಿಟ್ಟ ಶಕ್ತಿ ಶ್ರೇಷ್ಠವೆಂದಾದರೆ, ಹಾಗೆ ಉಳಿಸಿಡುವುದು ಕಾರಿನ ಕೆಲಸವಲ್ಲ. ಕಾರು ತನ್ನ ಶಕ್ತಿಯನ್ನು ತಾನೇ ತಡೆದುಕೊಳ್ಳಲಾರದು. ಕಾಲು ಒತ್ತಿದರೆ ಓಡುತ್ತದೆ. ಗುಣ ಇರುವುದಾದರೆ ಒತ್ತದ ಕಾಲಿನಲ್ಲಿ. ಹಾಗಾದರೆ ನಾವು ಬೆಳಗಿನಿಂದ ಕಾರಿನದೆಂದು ಹೊಗಳಿದ ಗುಣ ವಾಸ್ತವವಾಗಿ ಕಾರಿನದಾಗಿರಲಿಲ್ಲ.

ಇನ್ನೊಂದು ಉತ್ತರವೂ ಉಂಟು: ಓಡಿಸಲೆಂದೇ ಕಟ್ಟಿದ ಪಂದ್ಯದ ದಾರಿಗಳಿವೆಯಲ್ಲ? ಇವೆ. ಚೆನ್ನೈಯ ಬಳಿ ಒಂದು, ಕೊಯಮತ್ತೂರಿನ ಬಳಿ ಒಂದು, 2011ರಲ್ಲಿ ಆರಂಭವಾದ ನೊಯ್ಡಾ ಕಡೆಯ ಬುದ್ಧ ಸರ್ಕ್ಯೂಟ್ ಒಂದು. ಅಲ್ಲಿಗೆ ಹೋಗಿ ಓಡಿಸುವವನನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮೈಸೂರಿನ ದಸರಾ ಕುಸ್ತಿಯಲ್ಲಿ ಎದುರಾಳಿಯನ್ನು ಎತ್ತಿ ಒಗೆದ ಪೈಲ್ವಾನನಿಗೆ ಚಪ್ಪಾಳೆ ತಟ್ಟುತ್ತೇವೆ. ಅದೇ ಪಟ್ಟನ್ನು ಅವನು ದೇವರಾಜ ಮಾರುಕಟ್ಟೆಯಲ್ಲಿ ಹೂ ಕೊಳ್ಳಲು ಬಂದವನ ಮೇಲೆ ಹಾಕಿದರೆ ಪೊಲೀಸರನ್ನು ಕರೆಯುತ್ತೇವೆ. ಪಟ್ಟು ಒಂದೇ, ಮೈಬಲವೂ ಒಂದೇ. ಅಖಾಡದೊಳಗೆ ಇಳಿದವನು ತನ್ನ ಒಪ್ಪಿಗೆ ಕೊಟ್ಟೇ ಇಳಿದಿದ್ದಾನೆ, ಮಾರುಕಟ್ಟೆಯವನು ಕೊಟ್ಟಿಲ್ಲ. ದಾರಿಯೆಂಬುದು ಅಖಾಡವಲ್ಲ, ಮಾರುಕಟ್ಟೆ. ಇಷ್ಟು ತಿಳಿದವನು ಎಷ್ಟು ಅಶ್ವಶಕ್ತಿಯ ಕಾರನ್ನಾದರೂ ಇಟ್ಟುಕೊಳ್ಳಲಿ.

ಹೊರಗಿನವನನ್ನು ಲೆಕ್ಕಕ್ಕೆ ತೆಗೆದುಕೊಂಡು ವಸ್ತುವಿನ ಗುಣವನ್ನು ಅಳೆಯುವ ಕ್ರಮ ಈ ಸೀಮೆಗೆ ಹೊಸದಲ್ಲ. ಮಾಗಡಿಯ ರಂಗನಾಥಸ್ವಾಮಿ ಜಾತ್ರೆಯ ದನಗಳ ಸಂತೆಯಲ್ಲಿ ಹಳ್ಳಿಕಾರ್ ಎತ್ತಿನ ಜೋಡಿಯ ಮುಂದೆ ನಿಂತು ವಾದಿಸುವ ರೈತರನ್ನು ನೋಡಿದವರಿಗೆ ಇದು ಗೊತ್ತು. ಅವರದೂ ಉತ್ಸಾಹಿಗಳ ಚರ್ಚೆಯೇ. ಕೊಳ್ಳುವವರು ಕೆಲವರು, ಬಾಯಿಚಪಲಕ್ಕೆ ನಿಂತವರು ಹಲವರು. ಕೊಂಬಿನ ಸೊಗಸು, ಗೊರಸಿನ ಗಟ್ಟಿತನ, ಹಲ್ಲು, ಸುಳಿ, ನಡಿಗೆಯ ಬಿರುಸು ಎಲ್ಲವೂ ಚರ್ಚೆಗೆ ಬರುತ್ತವೆ. ಬಿರುಸಾದ ಎತ್ತಿಗೇ ಬೆಲೆ ಹೆಚ್ಚು. ಆದರೆ ವ್ಯಾಪಾರ ಕುದುರುವ ಮುನ್ನ ಒಂದು ಪ್ರಶ್ನೆ ಬಂದೇ ಬರುತ್ತದೆ: “ಹಾಯುತ್ತೇನಪ್ಪಾ? ಮನೇಲಿ ಹುಡುಗರವೆ.” ಹಾಯುವ ಎತ್ತು ಎಷ್ಟೇ ಬಿರುಸಾಗಿರಲಿ ಅದರ ಬೆಲೆ ಇಳಿಯಿತು. ಎತ್ತಿನ ಗುಣವೆಂದರೆ ನೊಗಕ್ಕೆ ತೋರುವ ಬಲ ಮಾತ್ರವಲ್ಲ, ಕೊಟ್ಟಿಗೆಯ ಮುಂದೆ ಆಡುವ ಮಗುವಿನ ವಿಷಯದಲ್ಲಿ ಅದರ ನಡತೆಯೂ ಹೌದು ಎಂಬುದು ಓದುಬರಹ ಬಾರದವನಿಗೂ ತಿಳಿದಿತ್ತು.

ಚನ್ನಪಟ್ಟಣದ ಬಣ್ಣದ ಗೊಂಬೆಗಳನ್ನು ಮಾಡುವವರ ಲೆಕ್ಕವೂ ಇಂಥದೇ. ಆಲೆಮರದ ಮೆದುವಾದ ತುಂಡನ್ನು ಚರಕಿಗೆ ಕೊಟ್ಟು ತಿರುಗಿಸಿ, ಅರಗಿನ ಬಣ್ಣ ಹಿಡಿದು, ತಾಳೆಗರಿಯಿಂದ ಮೆರುಗು ಕೊಡುತ್ತಾರೆ. ಅವರೂ ಕಾರು ಮಾಡುತ್ತಾರೆ, ಅಂಗೈಯಗಲದ ಕಾರು. ಅದರಲ್ಲಿ ಚೂಪಾದ ಮೂಲೆಯಿಲ್ಲ, ಒಳ್ಳೆಯ ಕಸುಬುದಾರ ಮಗುವಿನ ಬಾಯಿಗೆ ಹೋಗಬಾರದ ಬಣ್ಣ ಹಚ್ಚುವುದಿಲ್ಲ. ಆ ವಸ್ತು ಕೊನೆಗೆ ಯಾರ ಕೈಗೆ ಸಿಕ್ಕುತ್ತದೆಯೋ ಆ ಅತ್ಯಂತ ಎಳೆಯ, ಅತ್ಯಂತ ಅರಿಯದ ಜೀವವನ್ನು ಎದುರಿಗಿಟ್ಟುಕೊಂಡು ಅವನು ಕೆಲಸ ಆರಂಭಿಸುತ್ತಾನೆ. ದೊಡ್ಡ ಕಾರು ಮಾಡುವವರು ಈ ಯೋಚನೆಯನ್ನು ಬಿಟ್ಟಿದ್ದಾರೆಂದು ಹೇಳಲಾಗದು. ಯೂರೋಪಿನ ಪರೀಕ್ಷೆಗಳಲ್ಲಿ ಒಳಗೆ ಕುಳಿತವರ ಕ್ಷೇಮಕ್ಕೆ ಕೊಡುವಂತೆ ದಾರಿಯಲ್ಲಿ ನಡೆಯುವವನ ಕ್ಷೇಮಕ್ಕೂ ಅಂಕ ಕೊಡುತ್ತಾರೆ. ಆದರೆ ನಮ್ಮ ಹೋಟೆಲಿನ ಮುಂದಿನ ಚರ್ಚೆಯಲ್ಲಿ ಗಾಳಿಚೀಲ ಎಷ್ಟು ಎಂದು ಕೇಳುವವರು ಸಿಕ್ಕುತ್ತಾರೆ. ಅದು ಒಳಗಿನವರ ಮಾತು. ಹೊರಗಿನವರ ಅಂಕ ಎಷ್ಟು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಇದು ಈ ಜಿಲ್ಲೆಯ ಮಾತು ಮಾತ್ರವೂ ಅಲ್ಲ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ಭಾರತದ ದಾರಿಗಳಲ್ಲಿ ಸತ್ತವರು 1,68,491 ಮಂದಿ. ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ಅದೇ ವರದಿ ಬರೆದಿದೆ. ಇವರನ್ನೆಲ್ಲ ಕೊಂದದ್ದು 53 ಲಕ್ಷದ ಕಾರಲ್ಲ. ನೂರೈವತ್ತು ಕಾರುಗಳಿಂದ ದೇಶಕ್ಕೆ ಆಗುವ ಕೇಡು ಅಷ್ಟರಲ್ಲೇ ಇದೆ. ಆದರೆ ಕೊಳ್ಳಲಾಗದ ಕಾರನ್ನು ಕುರಿತ ಚರ್ಚೆಯಲ್ಲಿ ಕಲಿತ ಅಳತೆಗೋಲನ್ನು ಕೊಂಡ ಕಾರಿಗೆ ಹಚ್ಚುತ್ತೇವೆ. ಓಡುವುದೇ ಗುಣವೆಂದು ಬೆಳಿಗ್ಗೆ ವಾದಿಸಿದ ಹುಡುಗ ಮಧ್ಯಾಹ್ನ ಅಣ್ಣನ ಹಳೆಯ ಕಾರನ್ನು ಹತ್ತುತ್ತಾನೆ. ಮೆಚ್ಚಿಗೆಯೂ ಒಂದು ಶಿಕ್ಷಣ. ಯಾವುದನ್ನು ಮೆಚ್ಚಬೇಕೆಂದು ಕಲಿಯುತ್ತೇವೆಯೋ ಹಾಗೆ ಆಗಬೇಕೆಂದೂ ಕಲಿಯುತ್ತೇವೆ.

ಆದ್ದರಿಂದ ಚರ್ಚೆ ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ಅದಕ್ಕೆ ಐದನೆಯ ಪಕ್ಷವೊಂದು ಸೇರಬೇಕು ಎನ್ನುತ್ತೇನೆ. ಅಂಕಿಯವರು ಅಂಕಿ ಹೇಳಲಿ, ಅನುಭವದವರು ಕ್ಲಚ್ಚಿಗಾಗಿ ಕಣ್ಣೀರಿಡಲಿ, ಲೆಕ್ಕದವರು ಲೆಕ್ಕ ಹಾಕಲಿ. ಐದನೆಯವನು ಮಾಗಡಿಯ ಸಂತೆಯ ರೈತನ ಪ್ರಶ್ನೆಯನ್ನು ಕೇಳಲಿ: ಇದು ಹಾಯುತ್ತದೆಯೆ? ಅದಕ್ಕೆ ಉತ್ತರ ಕಂಪನಿಯ ಹೊಳಪು ಹಾಳೆಯಲ್ಲಿ ಸಿಕ್ಕುವುದಿಲ್ಲ. ಎತ್ತಿಗಾದರೆ ಹಾಯುವುದೋ ಬಿಡುವುದೋ ಅದರ ಹುಟ್ಟುಗುಣ. ಕಾರಿಗೆ ಹುಟ್ಟುಗುಣವಿಲ್ಲ, ಕೀಲಿ ಹಿಡಿದವನ ಗುಣವೇ ಅದರ ಗುಣ. ವೇಗ ಗುಣವಲ್ಲ, ಬಲ. ಸೊಪ್ಪಿನ ಹೊರೆಯ ಹೆಂಗಸು ಹಿಂತಿರುಗಿ ನೋಡದೆ ತನ್ನ ಪಾಡಿಗೆ ತಾನು ನಡೆದು ಮನೆ ಸೇರುವಂತೆ ಓಡಿಸುವವನ ಕೈಯಲ್ಲಿ ಮಾತ್ರ ಆ ಬಲ ಗುಣವೆನಿಸುತ್ತದೆ. ಅವಳ ಹಿಂದೆ ಬಂದ ಕಾರಿಗೆ ಎಷ್ಟು ಅಶ್ವಶಕ್ತಿಯಿತ್ತೆಂಬುದು ಅವಳಿಗೆ ಎಂದೂ ತಿಳಿಯದಿದ್ದರೆ, ಓಡಿಸಿದವನು ಅಶ್ವಹೃದಯವನ್ನು ಬಲ್ಲವನೆಂದು ತಿಳಿಯಬಹುದು.